ವಂದನೀಯ ಪ್ರಿಮಿಟಿವುಸ್ ನೀಮೆಟ್ಸ್: ಉರುಳೆಯಲ್ಲಿ ಸಂಗೀತವನ್ನು ಕಾಪಿಟ್ಟ ಗುರು

ದೇವಾಲಯದಲ್ಲಿ ಆರ್ಗನ್ ನುಡಿಯುವಾಗ ಅದರ ಹಿಂದೆ ವಾದಕನೊಬ್ಬನ ಬೆರಳುಗಳಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ವಾದಕನಿಲ್ಲದೆ ತಾನಾಗಿ ನುಡಿಯುವ ಪುಟ್ಟ ಆರ್ಗನ್‌ಗಳೂ ಇದ್ದವು. ಗಡಿಯಾರದೊಡನೆ ಅಳವಡಿಸಲಾಗುತ್ತಿದ್ದ ಇಂತಹ ವಾದ್ಯಗಳ ನಿರ್ಮಾಣದಲ್ಲಿ ಪ್ರಖ್ಯಾತರಾದವರು ಕಥೋಲಿಕ ಗುರುಗಳಾದ ವಂದನೀಯ ಪ್ರಿಮಿಟಿವುಸ್ ನೀಮೆಟ್ಸ್‌ರವರು.

ಬೊಹೀಮಿಯದ ವ್ಲಾಶಿಮ್ ಎಂಬಲ್ಲಿ 1750ರ ಫೆಬ್ರವರಿ 9ರಂದು ಜನಿಸಿದ ಅವರ ಮೊದಲ ಹೆಸರು ಜೋಸೆಫ್. ರೋಗಿಗಳ ಶುಶ್ರೂಷೆಗೆ ಮುಡಿಪಾದ, ದೇವರ ಸಂತ ಯೊವಾನ್ನರ ಸಭೆಯನ್ನು ಸೇರಿ ಪ್ರಿಮಿಟಿವುಸ್ ಎಂಬ ನಾಮವನ್ನು ಸ್ವೀಕರಿಸಿ ಗುರುದೀಕ್ಷೆ ಪಡೆದರು. 1780ರಲ್ಲಿ ಹಂಗೇರಿಯ ಎಸ್ಟರ್‌ಹಾಜಾ ಅರಮನೆಯ ಗ್ರಂಥಪಾಲಕರಾದರು. ಅಲ್ಲಿ ಸಂಗೀತದ ಅಧಿಪತಿಯಾಗಿದ್ದವರು ಜಗದ್ವಿಖ್ಯಾತ ಜೋಸೆಫ್ ಹೈಡನ್. ದೈವಭಕ್ತರಾದ ಹೈಡನ್ನರು ಸಂತ ಯೊವಾನ್ನರ ಗೌರವಾರ್ಥವಾಗಿ ಬಲಿಪೂಜೆಯ ಸಂಗೀತವನ್ನು ರಚಿಸಿ ಆ ಸಭೆಗೆ ಮೊದಲೇ ಪರಿಚಿತರಾಗಿದ್ದರು. ಗುರುಗಳು ಅವರಲ್ಲಿ ಸಂಗೀತ ರಚನೆಯನ್ನು ಅಭ್ಯಸಿಸಿದರು.

ಗ್ರಂಥಾಲಯದ ಕಾರ್ಯದ ನಡುವೆ ಗುರುಗಳ ಪ್ರಿಯ ಹವ್ಯಾಸವೆಂದರೆ ಸ್ವಯಂಚಾಲಿತ ಆರ್ಗನ್‌ಗಳ ನಿರ್ಮಾಣ. ಮರದ ಉರುಳೆಯೊಂದರ ಮೇಲೆ ಸಣ್ಣ ಲೋಹದ ಮೊಳೆಗಳನ್ನು ನೆಡಬೇಕು. ಉರುಳೆ ತಿರುಗಿದಾಗ ಮೊಳೆಗಳು ಸನ್ನೆಗಳನ್ನೆತ್ತುತ್ತವೆ; ತಿದಿಯ ಗಾಳಿ ಕೊಳವೆಗಳನ್ನು ಹೊಕ್ಕು ಸ್ವರ ಹೊಮ್ಮುತ್ತದೆ. ದೀರ್ಘ ಸ್ವರಕ್ಕೆ ಅಗಲವಾದ ಮೊಳೆ, ಹ್ರಸ್ವ ಸ್ವರಕ್ಕೆ ಕಿರಿದಾದ ಮೊಳೆ. ಕೊಳವೆಗಳು ಕೆಲವೇ, ಒಂದು ಗೀತೆಗೆ ದೊರೆಯುವ ಕಾಲವೂ ಮಿತವಾದುದು. ವಾದ್ಯವೃಂದದ ಸಂಗೀತವನ್ನು ಈ ಇಕ್ಕಟ್ಟಿಗೆ ಹೊಂದಿಸಬೇಕಾದರೆ ಯಾವ ಸ್ವರವನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಅತ್ಯಗತ್ಯ. ಮೊಳೆ ಕೂದಲೆಳೆಯಷ್ಟು ತಪ್ಪಿದರೂ ತಾಳ ತಪ್ಪುತ್ತಿತ್ತು.

1790ರಲ್ಲಿ ರಾಜಕುಮಾರ ನಿಕೋಲಸ್ ನಿಧನರಾಗಲು, ಅರಮನೆಯ ವಾದ್ಯವೃಂದವು ಚದುರಿಹೋಯಿತು. ಆದರೂ ಗುರುಗಳು ತಮ್ಮ ಕೆಲಸವನ್ನು ಬಿಡಲಿಲ್ಲ. 1792 ಮತ್ತು 1793ರಲ್ಲಿ ಅವರು ನಿರ್ಮಿಸಿದ ವಾದ್ಯಗಳು ಉಳಿದುಬಂದಿವೆ. ಹೈಡನ್ನರ 101ನೆಯ ಸಿಂಫೋನಿಯು 1794ರಲ್ಲಿ ಲಂಡನ್ನಿನಲ್ಲಿ ಪ್ರಥಮವಾಗಿ ನುಡಿಯುವ ಮುನ್ನವೇ, ಅದರ ಮಿನುಯೆಟ್ ನೃತ್ಯಭಾಗ 1793ರ ಪುಟ್ಟ ವಾದ್ಯದ ಉರುಳೆಯ ಮೇಲಿತ್ತು! ಇಂತಹ ವಾದ್ಯಗಳಿಗಾಗಿ ಹೈಡನ್ನರ ಹೆಸರಿನಲ್ಲಿ ಸುಮಾರು 30 ಕಿರುಕೃತಿಗಳು ದೊರೆತಿವೆ. ಅವುಗಳಲ್ಲಿ ಕೆಲವು ಅನ್ಯರವಿರಬಹುದೆಂದು ವಿದ್ವಾಂಸರ ಅಭಿಮತ.

ವಂದನೀಯ ನೀಮೆಟ್ಸ್‌ರವರು 1806ರ ಜನವರಿ 9ರಂದು ವಿಯೆನ್ನಾ ನಗರದಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಧ್ವನಿಮುದ್ರಣವಿಲ್ಲದ ಆ ಯುಗದ ವಾದಕರ ಧ್ವನಿ ಅವರೊಂದಿಗೇ ಮಣ್ಣಾಯಿತು. ಆದರೆ ಹೈಡನ್ನರ ಕಾಲದಲ್ಲಿ ಸ್ವರಗಳನ್ನು ಹೇಗೆ ಅಲಂಕರಿಸುತ್ತಿದ್ದರು, ಎಲ್ಲಿ ಬಿಡಿಸಿ ನುಡಿಸುತ್ತಿದ್ದರು ಎಂಬುದಕ್ಕೆ ಈ ಗುರುಗಳ ಮೊಳೆಗಳು ಇಂದಿಗೂ ಸಾಕ್ಷಿ ನುಡಿಯುತ್ತಿವೆ.

ಹೈಡನ್ನರ ಹೆಸರನ್ನು ಲೋಕವೆಲ್ಲ ಬಲ್ಲದು. ಮೊಳೆ ನೆಟ್ಟ ಕೈಗಳನ್ನು ಬಲ್ಲವರು ವಿರಳ. ಒಂದು ದೇವಾಲಯದ ನೂರು ವರ್ಷಗಳ ಬಾಳೂ ಇಂತಹ ಕಾಣದ ಕೈಗಳಿಂದಲೇ ನಡೆದುಬರುತ್ತದೆ. ನಿಷ್ಠೆಯಿಂದ ನೆಟ್ಟ ಸಣ್ಣ ಮೊಳೆಯೂ ದೇವರ ದೃಷ್ಟಿಯಲ್ಲಿ ವ್ಯರ್ಥವಾಗದು.