ಅಶೋಕ ಚಕ್ರವರ್ತಿ

ಕೂಡ್ಲಿಗಿಯ ಬಯಲುಸೀಮೆಗೆ ಸಮೀಪದ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಅಲ್ಲಿನ ಬಂಡೆಯೊಂದರ ಮೇಲೆ ಅಶೋಕನ ಪ್ರಾಕೃತ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು.

ಬಿಂದುಸಾರನ ಮಗನಾದ ಅಶೋಕನು ಕ್ರಿ. ಪೂ. 3ನೆಯ ಶತಮಾನದಲ್ಲಿ ಪಾಟಲಿಪುತ್ರದಿಂದ ಆಳಿದನು. ಪಟ್ಟವೇರಿದ 8 ವರ್ಷಗಳ ಬಳಿಕ ಕಳಿಂಗವನ್ನು ಗೆದ್ದನು. ಆ ಯುದ್ಧದಲ್ಲಿ 1 ಲಕ್ಷ ಜನರು ಮಡಿದರು. ಒಂದೂವರೆ ಲಕ್ಷ ಜನರು ಸೆರೆಯಾಗಿ ನೆಲೆ ತಪ್ಪಿದರು. ಗೆದ್ದ ಅರಸನನ್ನು ಪಶ್ಚಾತ್ತಾಪವು ಸುಟ್ಟಿತು.

ಅಶೋಕನು ಬುದ್ಧನ ಉಪಾಸಕನಾದನು. ಆದರೆ ಮನಸ್ಸು ಒಂದೇ ದಿನದಲ್ಲಿ ಪಳಗುವಂಥದಲ್ಲ. ಮೊದಲ ಒಂದು ವರ್ಷ ತನ್ನ ಸಾಧನೆ ಸಡಿಲವಾಗಿತ್ತೆಂದೂ ಭಿಕ್ಷುಸಂಘದ ಸಾಮೀಪ್ಯ ದೊರೆತ ಮೇಲೆ ಅದು ಬಲಗೊಂಡಿತೆಂದೂ ಬ್ರಹ್ಮಗಿರಿಯ ಶಾಸನದಲ್ಲಿ ಅವನೇ ತಿಳಿಸಿದ್ದಾನೆ. ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯರಿಗೂ ದಕ್ಕುತ್ತದೆ ಎಂಬುದು ಅದರ ಸಾರ.

ಅವನ ಕಾಲದಲ್ಲಿ ಧರ್ಮಪ್ರಸಾರಕ್ಕಾಗಿ ರಕ್ಖಿತನು ಬನವಾಸಿಗೂ, ಸೋಣ ಮತ್ತು ಉತ್ತರರು ಸುವರ್ಣಭೂಮಿಗೂ ತೆರಳಿದರೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಆ ಸುವರ್ಣಭೂಮಿ ತಮ್ಮ ನಾಡೇ ಎಂಬುದು ಥಾಯ್ಲೆಂಡಿನ ಜನರ ನಂಬಿಕೆ. ಅಲ್ಲಿನ ತರುಣರು ಕೆಲಕಾಲ ಭಿಕ್ಷುಗಳಾಗಿ ವಿಹಾರದಲ್ಲಿ ನೆಲೆಸಿ, ಧ್ಯಾನವನ್ನು ಅಭ್ಯಾಸಮಾಡಿ ಮನೆಗೆ ಮರಳುವ ಪದ್ಧತಿ ಇಂದಿಗೂ ಉಂಟು. ಮನಸ್ಸನ್ನು ತಿದ್ದಲು ಕಾಲವೂ ಸಜ್ಜನರ ಸಂಗವೂ ಬೇಕೆಂಬ ತಿಳಿವು ಅದರಲ್ಲಿಯೂ ಅಡಗಿದೆ.

ಕ್ರಿ. ಪೂ. 232ರ ಸುಮಾರಿನಲ್ಲಿ ಅಶೋಕನು ಕಾಲವಾದನು. ಅವನ ಸಾಮ್ರಾಜ್ಯವು ಬಹುಕಾಲ ಉಳಿಯಲಿಲ್ಲ. ಅರಸರು ತಮ್ಮ ಗೆಲುವುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದುಂಟು. ಅಶೋಕನು ತನ್ನ ಕೊರತೆಯನ್ನೂ ಕೆತ್ತಿಸಿದನು. ಅವನ ಹಿರಿಮೆ ಇರುವುದು ಅಲ್ಲಿಯೇ.