ಎಂಜಿನಿಗೆ ಹೆಸರಾದ ರುಡಾಲ್ಫ್ ಡೀಸೆಲ್

ಗಂಗಾವತಿಯ ಗದ್ದೆಗಳ ಟ್ರ್ಯಾಕ್ಟರಿನೊಡನೆ, ಕೊಪ್ಪಳದ ರಸ್ತೆಗಳ ಲಾರಿಯೊಡನೆ ನಿತ್ಯವೂ ಕೇಳಿಬರುವ ಡೀಸೆಲ್ ಎಂಬ ಪದವು ಒಬ್ಬ ಮಹನೀಯನ ಹೆಸರೆಂಬುದನ್ನು ಬಲ್ಲವರು ವಿರಳ.

ರುಡಾಲ್ಫ್ ಡೀಸೆಲ್ಲನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ದಂಪತಿಗಳಿಗೆ ಜನಿಸಿದನು. 1870ರ ಯುದ್ಧದಿಂದ ನೆಲೆ ತಪ್ಪಿದ ಆ ಬಾಲಕನು ಆಗ್ಸ್‌ಬರ್ಗ್, ಮ್ಯೂನಿಕ್‌ಗಳಲ್ಲಿ ವಿದ್ಯೆಯನ್ನಾರ್ಜಿಸಿದನು. ಉಗಿಯಂತ್ರವು ಇಂಧನದ ಶಾಖದ ಬಹುಭಾಗವನ್ನು ವ್ಯರ್ಥಗೊಳಿಸುವುದನ್ನು ಕಂಡು ಅವನ ಮನಸ್ಸು ಮರುಗಿತು. ಸಣ್ಣ ಕಸುಬುದಾರನ ಕಾಯಕಕ್ಕೂ ಒದಗುವ ಯಂತ್ರವೊಂದು ಬೇಕೆಂಬುದು ಅವನ ಹಂಬಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುವುದು. ಆ ಕಾವಿಗೇ ಇಂಧನವು ಕಿಡಿಯಿಲ್ಲದೆ ಹೊತ್ತುವುದೆಂಬುದು ಅವನು ಹಿಡಿದ ತತ್ತ್ವ. 1893ರ ಮೊದಲ ಪ್ರಯೋಗದಲ್ಲಿ ಮಾಪಕವು ಸಿಡಿದರೂ ಅವನು ಎದೆಗುಂದಲಿಲ್ಲ. 1897ರಲ್ಲಿ ಶಾಖದ ಶೇಕಡಾ 26ರಷ್ಟನ್ನು ಕೆಲಸಕ್ಕೆ ತಂದ ಎಂಜಿನು ಸಿದ್ಧವಾಯಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಬಗೆಯ ಎಂಜಿನೊಂದು ಶೇಂಗಾ ಎಣ್ಣೆಯಿಂದ ನಡೆಯಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಲ್ಲಿ ಬೆಳೆಯುವ ಶೇಂಗಾ ಅದೇ. ಅದರ ಎಣ್ಣೆಯು ಕೊಡುವ ಶಾಖವು ಡೀಸೆಲ್ ತೈಲಕ್ಕಿಂತ ತುಸುವೇ ಕಡಿಮೆ. ಸ್ನಿಗ್ಧತೆಯಾದರೋ ಸುಮಾರು ಹತ್ತು ಪಟ್ಟು ಅಧಿಕ. ಮಂದವಾದ ಎಣ್ಣೆಯು ನುಣ್ಣನೆಯ ತುಂತುರಾಗದು. ದಪ್ಪ ಹನಿಗಳು ಪೂರ್ಣವಾಗಿ ಉರಿಯದೆ ಮಸಿಗಟ್ಟುವುವು. ಕಾಯಿಸಿ ತೆಳುವಾಗಿಸಿದರೆ ತುಂತುರು ನುಣುಪಾಗಿ ಉರಿಯು ಹದಗೊಳ್ಳುವುದು. ಸಸ್ಯತೈಲಕ್ಕೂ ಮುಂದೆ ಖನಿಜತೈಲದ ಮಹತ್ತ್ವ ಬಂದೀತೆಂದು 1912ರಲ್ಲಿಯೇ ಅವನು ಎಣಿಸಿದ್ದನು.

ಲೋಕಕ್ಕೆ ಶಾಖದ ಮಿತವ್ಯಯವನ್ನು ಕಲಿಸಿದ ಆತನು ತನ್ನ ಸಾಲವನ್ನು ತೀರಿಸಲಾರದೆ ಬಳಲಿದನು. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಣ್ಮರೆಯಾದನು. ಆ ಸಾವಿನ ಕಾರಣ ಇಂದಿಗೂ ನಿಗೂಢ. ಅವನ ಕಾಯಕವು ಮಾತ್ರ ರೈತನ ಹೊಲದಲ್ಲಿ ಇಂದಿಗೂ ದುಡಿಯುತ್ತಿದೆ.