ದೊಡ್ಡವೀರರಾಜೇಂದ್ರ ಒಡೆಯರ ಗೃಹಶೋಕ

ಹಾಲೇರಿ ವೀರಶೈವ ರಾಜವಂಶದ ಶ್ರೀ ದೊಡ್ಡವೀರರಾಜೇಂದ್ರ ಒಡೆಯರು ೧೭೮೮ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ಪಾರಾಗಿ, ಟಿಪ್ಪೂಸುಲ್ತಾನನ ಸೇನೆಯನ್ನೆದುರಿಸಿ ಕೊಡಗನ್ನು ಮರಳಿ ಪಡೆದರು, ವೀರರಾಜಪೇಟೆಯನ್ನು ಕಟ್ಟಿಸಿದರು. ಇಂತಹ ಧೀರರನ್ನು ಗೃಹಶೋಕವು ಗೆದ್ದಿತು. ೧೮೦೭ರಲ್ಲಿ ಪ್ರಿಯರಾಣಿಯವರು ಲಿಂಗೈಕ್ಯರಾದರು, ಪುತ್ರಸಂತಾನವಿರಲಿಲ್ಲ. ತಮ್ಮ ಬಳಿಕ ಹೆಣ್ಣುಮಕ್ಕಳ ಗತಿಯೇನೆಂಬ ಚಿಂತೆಯು ಸಂಶಯವಾಗಿ, ಸಂಶಯವು ಚಿತ್ತಭ್ರಮೆಯಾಗಿ, ಅರಮನೆಯ ಅನೇಕರು ಅವರ ಕ್ರೋಧಕ್ಕೆ ಬಲಿಯಾದರು. ಕೋಪವಿಳಿದಾಗ ಒಡೆಯರು ಪಶ್ಚಾತ್ತಾಪದಿಂದ ಬೆಂದರು. ೧೮೦೯ರಲ್ಲಿ ಅವರು ಲಿಂಗೈಕ್ಯರಾಗಲು, ಪಟ್ಟಕ್ಕೆ ನಿಯಮಿಸಿದ್ದ ಮಗಳು ದೇವಮ್ಮಾಜಿಯ ಅಧಿಕಾರವನ್ನು ಚಿಕ್ಕಪ್ಪನಾದ ಲಿಂಗರಾಜನು ೧೮೧೧ರಲ್ಲಿ ತನ್ನದಾಗಿಸಿಕೊಂಡನು.

ಸಿಂಹಾಸನದ ಬಳಿ ಕುಳಿತು ದುಃಖವನ್ನು ಕೇಳುವವರು ವಿರಳ. ಮಡಿಕೇರಿಯ ಗದ್ದಿಗೆಗೆ ಕೈಮುಗಿಯುವ ಭಕ್ತರು, ಸಾವಾದ ಮನೆಗೆ ಕ್ರಿಯಾಸಮಾಧಿಯ ದಿನದಂತೆಯೇ ತಿಂಗಳು ಕಳೆದ ಮೇಲೂ ಹೋಗಿ ಕುಳಿತು ಬರಲಿ. ಅದೂ ದಾಸೋಹವೇ.